ಹಿಮ್ಮೇಳ

ಯೇನಾ ಊರಿನ ಸುಣ್ಣಕಲ್ಲಿನ ಗುಡ್ಡದ ಕೆಳಗೆ
ಕಿಟಕಿಯಿಲ್ಲದ ಕೋಣೆ. ನವೆಂಬರ್. ಮಂಗಳವಾರ.
ವೀಬ್ಕ ಗುಂಡಿ ತಿರುಗಿಸುತ್ತಾಳೆ, ನಾನು ಅಂಕಿ ಬರೆಯುತ್ತೇನೆ:
ಮುನ್ನೂರು ವಾಟ್. ಮುನ್ನೂರೈವತ್ತು. ನಾನೂರು.
ಕೂದಲೆಳೆಯಷ್ಟು ಗಾಜು, ಹನ್ನೆರಡು ಮೀಟರ್ ಉದ್ದ,
ಅದರೊಳಗೆ ಕಣ್ಣಿಗೆ ಕಾಣದ ಬೆಳಕು,
ನಾಳೆ ಉಕ್ಕನ್ನು ಬೆಣ್ಣೆಯ ಹಾಗೆ ಕುಯ್ಯಬೇಕಾದದ್ದು,
ಸಾಧುವಾಗಿ ಮುಂದೆ ಹೋಗುತ್ತಿದೆ.

ನಾನೂರಹದಿನೇಳಕ್ಕೆ ತಿರುಗಿಬಿತ್ತು.

ಟಪ್ ಎಂಬ ಸದ್ದು, ಸಾಸಿವೆ ಸಿಡಿದಷ್ಟೇ.
ಬೆಳಕಿನ ಬೀಜ ಬಿತ್ತುವ ಡಯೋಡ್ ಸತ್ತಿತ್ತು,
ಈ ತಿಂಗಳಲ್ಲಿ ಮೂರನೆಯದು.
ವೀಬ್ಕ ಏನೂ ಅನ್ನಲಿಲ್ಲ. ಕನ್ನಡಕ ತೆಗೆದು
ಮೂಗಿನ ಮೇಲಿನ ಕೆಂಪು ಗುರುತು ಉಜ್ಜಿಕೊಂಡಳು.

ದೋಷ ಗಾಜಿನದಲ್ಲ. ಬೆಳಕಿನದೂ ಅಲ್ಲ ಅನ್ನಿ.
ಅಷ್ಟೊಂದು ಬೆಳಕು ಇಷ್ಟು ಇಕ್ಕಟ್ಟಿನಲ್ಲಿ ನಡೆದರೆ
ಗಾಜು ಒಳಗೊಳಗೇ ಗುನುಗತೊಡಗುತ್ತದೆ,
ಸೆಕೆಂಡಿಗೆ ಸಾವಿರದಾರುನೂರು ಕೋಟಿ ಸಲ,
ಯಾವ ನಾಯಿಯ ಕಿವಿಗೂ ಎಟುಕದ ದನಿ.
ಆ ದನಿಯ ಏರಿಳಿತವೇ ಸಾಲುಗನ್ನಡಿಯಾಗಿ
ಹುಟ್ಟಿಸಿದ ಬೆಳಕನ್ನೇ ಹಿಂದಕ್ಕೆ ತಳ್ಳುತ್ತದೆ;
ತಳ್ಳಿಸಿಕೊಂಡದ್ದು ದನಿಯನ್ನು ಇನ್ನಷ್ಟು ಏರಿಸುತ್ತದೆ,
ಏರಿದ ದನಿ ಇನ್ನಷ್ಟು ತಳ್ಳುತ್ತದೆ. ಹೀಗೆ
ಹಿಮ್ಮೇಳದ ಅಬ್ಬರ
ಮುಮ್ಮೇಳವನ್ನು ಚೌಕಿಗೇ ಅಟ್ಟಿಬಿಡುತ್ತದೆ.

ಮೂಲೆಯಲ್ಲಿ ಎಳೆ ಸುತ್ತುತ್ತಿದ್ದ ಥೋರಾಲ್ಫ್,
ನಿವೃತ್ತಿಗೆ ಏಳು ತಿಂಗಳು, ಡಿಗ್ರಿ ಇಲ್ಲ, ಸಭೆಗೆ ಕರೆಯುವುದಿಲ್ಲ,
ರೊಟ್ಟಿಯ ಪುಡಿ ಕೊಡವಿಕೊಂಡು ಅಪ್ಪನ ಮಾತು ತೆಗೆದ.
ಅಪೋಲ್ಡಾದಲ್ಲಿ ಗಂಟೆಯ ಎರಕ ಹೊಯ್ಯುತ್ತಿದ್ದವನು ಅಪ್ಪ.
"ಎರಡು ಗಂಟೆಗೆ ಒಂದೇ ಶ್ರುತಿ ಇಟ್ಟೆಯೋ,
ಒಂದನ್ನು ಹೊಡೆದರೆ ಮುಟ್ಟದ ಇನ್ನೊಂದೂ ನರಳುತ್ತದೆ.
ಒಗ್ಗಟ್ಟು ಮನುಷ್ಯರಿಗಿರಲಿ" ಅನ್ನುತ್ತಿದ್ದನಂತೆ.

ಇದೆಲ್ಲ ಪ್ರಬಂಧಗಳಲ್ಲಿದೆ, ಅಂದಳು ವೀಬ್ಕ, ತುಸು ಸಿಟ್ಟಿನಿಂದ.
ಇದ್ದರೆ ಒಳ್ಳೆಯದೇ, ಅಂದ ಅವನು,
ತೂಕದ ಬಿಲ್ಲೆ ಹುಡುಕುತ್ತಾ.

ಆ ರಾತ್ರಿ ಹೊಸ ಎಳೆಯನ್ನು ಉರುಳೆಗೆ ಸುತ್ತಿದ,
ತಂಬೂರಿಯ ತಂತಿ ಬಿಗಿಯುವವರ ನಿಧಾನದಲ್ಲಿ:
ಮೊದಲ ಮೀಟರಿಗೆ ಹತ್ತು ಗ್ರಾಂ ಬಿಗಿ,
ಮುಂದಿನದಕ್ಕೆ ಇಪ್ಪತ್ತು, ಹಾಗೇ ಏರಿ
ಕೊನೆಯದಕ್ಕೆ ನೂರಿಪ್ಪತ್ತು.
ಅದರ ಮೇಲೆ ಒಂದು ಉಸಿರು ಹೆಚ್ಚಾದರೂ ಮುರಿಯುತ್ತದೆ.
ಒಮ್ಮೆ ಮುರಿಯಿತು. ಮತ್ತೆ ಸುತ್ತಿದ.
ವೀಬ್ಕ ತನ್ನ ಕಡೆಯಿಂದ ಬೆಳಕನ್ನು ತುಸು ನಡುಗಿಸಿ
ಒಂದೇ ಬಣ್ಣಕ್ಕೆ ಅಂಟಿದ್ದ ಅದರ ಹಠವನ್ನು ಸಡಿಲಿಸಿದಳು,
ಬಹಳವಲ್ಲ; ಬಹಳ ಸಡಿಲಿಸಿದರೆ
ಈ ಕಿರಣವನ್ನು ಇನ್ನೊಂದರ ಜತೆ ಹೆಣೆಯಲಾಗದು.

ಬೆಳಗಿನ ಜಾವ ಐದು. ನಾನೂರಹದಿನಾರು.
ನನ್ನ ಪೆನ್ನು ನಿಂತಿತು.
ಹದಿನೇಳು. ಹದಿನೆಂಟು.
ಏನೂ ಆಗಲಿಲ್ಲ.
ಏನೂ ಆಗದ್ದನ್ನು ಬರೆಯಲು ಪುಸ್ತಕದಲ್ಲಿ ಜಾಗವಿಲ್ಲ.

ಒಳಗೆ ಪ್ರತಿ ಮೀಟರೂ ತನ್ನದೇ ಸ್ವರ ಹಿಡಿದಿತ್ತು,
ಯಾರಿಗೂ ಯಾರೂ ದನಿಗೂಡಿಸದ ಹನ್ನೆರಡು ಮನೆಗಳ ಓಣಿ.
ಜಗಳವಿಲ್ಲ, ಮೇಳವೂ ಇಲ್ಲ.
ಬೆಳಕು ಯಾರ ಕಣ್ಣಿಗೂ ಬೀಳದವರ ಹಾಗೆ ದಾಟಿಹೋಯಿತು.
ಎಂಟುನೂರು. ಸಾವಿರ.
ಆಚೆ ತುದಿಯ ತಾಮ್ರದ ಬಟ್ಟಲು ಕಾದು
ತಣ್ಣೀರಿನ ಕೊಳವೆ ಗುಳುಗುಳು ಅಂದಿತು.
ಹಿಂದೆ ಬರುವ ಬೆಳಕನ್ನು ಅಳೆಯುವ ಹಸಿರು ಅಂಕಿ
ಸೊನ್ನೆಯ ಪಕ್ಕದಲ್ಲೇ ಕೂತು ತೂಕಡಿಸುತ್ತಿತ್ತು.

ಸಾವಿರದ ನೂರಕ್ಕೆ ಕಿರಣ ಬೇರೊಂದು ಬಗೆಯಲ್ಲಿ ಕುಣಿಯತೊಡಗಿತು.
ಅದು ಬೇರೆ ರೋಗ. ಅದರ ಮದ್ದಿಗೆ ಏಪ್ರಿಲ್ ಆಯಿತು,
ನಡುವೆ ಬಹಳ ಬೈಗುಳ.

ಥೋರಾಲ್ಫ್ ಅಷ್ಟರಲ್ಲಿ ಕೋಟು ಹಾಕಿದ್ದ.
ಟ್ರಾಮಿನವರೆಗೆ ಜತೆಗೆ ನಡೆದೆ.
ಸಾಲೆ ನದಿಯ ಮೇಲೆ ಮಂಜು, ಸೇತುವೆಯ ಕಂಬಿ ತೇವ.
ಊರೊಳಗೆ ಎಲ್ಲೋ ಆರು ಹೊಡೆಯಿತು.
ನಿಂತ. ಟೋಪಿ ಸರಿಸಿ ಕಿವಿ ಕೊಟ್ಟ,
ಕೊನೆಯ ಗುಂಯ್ ನೀರಿನ ಮೇಲೆ ಸಾಯುವ ತನಕ.
"ಎರಡನೆಯದು ಸ್ವಲ್ಪ ಇಳಿದಿದೆ," ಅಂದ.
"ಅಪ್ಪನದಲ್ಲ."
ಟ್ರಾಮ್ ಬಂತು, ಹತ್ತಿಕೊಂಡ.